ಸಾಯುವ ಮೊದಲೇ ಬಂದವರು

ಬೆಟಗೇರಿ
೧೨ ನವೆಂಬರ್ ೨೦೨೫, ಬುಧವಾರ

ಪ್ರೀತಿಯ ಕಲ್ಪನಾ ಅಕ್ಕಾ,

ಹೇಗಿದ್ದೀ? ಮಾಮಾ, ಮಕ್ಕಳು ಎಲ್ಲ ಆರಾಮವಾಗಿದ್ದಾರೆಯೇ? ನಿನ್ನ ಮೊಣಕಾಲಿನ ನೋವು ಹೇಗಿದೆ? ಚಳಿ ಬಿತ್ತೆಂದರೆ ನಿನಗೆ ಮೆಟ್ಟಿಲು ಹತ್ತಲು ಆಗುವುದಿಲ್ಲ, ಎಣ್ಣೆ ಬಿಸಿ ಮಾಡಿ ತಿಕ್ಕಿಕೊಳ್ಳಲು ಬರೆ ಎಂದು ಅವ್ವ ಹೇಳಿದಳು. ಬರೆದಿದ್ದೇನೆ. ನಿನ್ನ ಅತ್ತೆಯವರ ಆರೋಗ್ಯ ಮಾತ್ರ ನಾನು ವಿಚಾರಿಸುವುದಿಲ್ಲ. ನಾನು ವಿಚಾರಿಸಿದೆನೆಂದು ಗೊತ್ತಾದರೆ ಅವರಿಗೆ ಆ ಭಯಕ್ಕೇ ಜ್ವರ ಬಂದೀತು.

ಈ ಕಾಲದಲ್ಲಿ ಯಾರು ಕಾಗದ ಬರೆಯುತ್ತಾರೆ ಎಂದು ನಗಬೇಡ. ಫೋನಿನಲ್ಲಿ ನನ್ನ ಹೆಸರು ಕಂಡರೆ ಕತ್ತರಿಸುತ್ತೀ. ಮೊನ್ನೆ ನನ್ನ ಹೆಂಡತಿ ರೋಹಿಣಿಯ ಫೋನಿನಿಂದ ಮಾಡಿದೆ, ನನ್ನ ದನಿ ಕೇಳಿದ್ದೇ ತಡ, 'ಆಮ್ಯಾಲೆ ಮಾತಾಡ್ತೀನಿ' ಎಂದು ಇಟ್ಟುಬಿಟ್ಟೆ. ನಾನು ಮಾಡಿದ್ದಾದರೂ ಏನು ಅಕ್ಕಾ? ನಿನ್ನ ಮಾವನವರಿಗೆ ಹುಷಾರಿಲ್ಲ ಎಂದು ತಿಳಿದು, ಬೀಗರ ಮನೆಯಲ್ಲವೇ, ನೋಡಿ ಬರೋಣವೆಂದು ಬಾಳೆಹಣ್ಣು ಹಿಡಿದುಕೊಂಡು ಲಕ್ಷ್ಮೇಶ್ವರಕ್ಕೆ ಬಂದೆ. ಮರುದಿನ ಅವರು ತೀರಿಕೊಂಡರು. ಎಷ್ಟೋ ತಿಂಗಳಿಂದ ಹಾಸಿಗೆ ಹಿಡಿದ ಮುದುಕರು. ಆದರೆ ನಿನ್ನ ಅತ್ತೆ, 'ಹೆಣಾ ಕುಂಡ್ರಸೂ ವಿಮಾನ ಕಟ್ಟಾಂವ ಹೊಸ್ತಿಲಾ ತುಳದ, ಅದಕ್ಕ ಹಿಂಗಾತು' ಎಂದು ಊರ ಮುಂದೆ ಅಂದರು. ನೀನು ನೆಲ ನೋಡುತ್ತ ನಿಂತೆ. ಅದೇ ಅತ್ತೆ ಆಮೇಲೆ ವಿಮಾನಕ್ಕೆ ಚೆಂಡುಹೂವು ಕಡಿಮೆ ಕಟ್ಟಿದ್ದಾನೆಂದು ನನ್ನನ್ನೇ ಬೈದರು, ನೆನಪಿದೆಯೇ? ಇರಲಿ ಬಿಡು. ಬಿಡು ಅನ್ನುತ್ತೇನೆ, ಖರೆ ಹೇಳಬೇಕೆಂದರೆ ಹೊಟ್ಟೆಯ ಉರಿ ಇನ್ನೂ ಆರಿಲ್ಲ. ಅವತ್ತೇ ಆಣೆ ಹಾಕಿಕೊಂಡೆ, ಆ ಹೊಸ್ತಿಲನ್ನು ಮತ್ತೆ ತುಳಿಯುವುದಿಲ್ಲ ಎಂದು.

ಈಗ ಇಲ್ಲಿಯ ಸುದ್ದಿ. ಅವ್ವ ಇರುವ ಆರೈಕೆ ಕೇಂದ್ರದ ಬಗ್ಗೆ ಮೆಸೇಜಿನಲ್ಲಿ ಬರೆದಿದ್ದೆನಲ್ಲ, ಮುಂಡರಗಿ ರಸ್ತೆಯಲ್ಲಿ, ವಾಸಿಯಾಗದ ಜಡ್ಡಿನವರನ್ನು ಕೊನೆಯ ತನಕ ನೋವಿಲ್ಲದಂತೆ ನೋಡಿಕೊಳ್ಳುವ ಜಾಗ. ಅಲ್ಲಿಯವರು ಹೋದ ತಿಂಗಳು ನಮ್ಮಂಥವರನ್ನೆಲ್ಲ ಕರೆದು ತರಬೇತಿ ಕೊಟ್ಟರು. ವಿಮಾನ ಕಟ್ಟುವ ನಾನು, ಗೋರಿ ತೋಡುವ ಶಫೀಕ, ಶಿರಹಟ್ಟಿ ಕಡೆಯ ಶವದ ಗಾಡಿಯವರು, ಎಲ್ಲರೂ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಶಾಲೆಯ ಹುಡುಗರ ಹಾಗೆ ಕೂತಿದ್ದೆವು. ಅಮೀರಾ ಎಂಬ ಸಿಸ್ಟರ್ ಪಾಠ ಮಾಡಿದರು. ಸತ್ತ ಮೇಲೆ ಓಡಿ ಬರುವುದಲ್ಲ, ಮೊದಲೇ ನಮ್ಮ ಜೊತೆ ಕೈಜೋಡಿಸಿ, ಜಡ್ಡಿನವರ ಹತ್ತಿರ ಕೂತು ಮಾತಾಡಿ. ಮಣ್ಣು ಎಲ್ಲಿ ಆಗಬೇಕು, ಹೇಗಾಗಬೇಕು, ಅವರ ಮನಸ್ಸಿನಲ್ಲಿ ಏನಿದೆ ಎಂದು ಕೇಳಿಕೊಳ್ಳಿ. ಆಗ ಕೊನೆಯ ಗಳಿಗೆಯಲ್ಲಿ ಮನೆಯವರು ಗಾಬರಿಯಾಗುವುದಿಲ್ಲ ಎಂದರು. ಕೇಳಲು ಚೆನ್ನಾಗಿತ್ತು. ನಾನು ಎದ್ದು ನಿಂತು, 'ಸಿಸ್ಟರ್, ಜೀವ ಇದ್ದಾಗ ನಾವು ಹೊಸ್ತಿಲಾ ತುಳದ್ರ ಕಾಲು ಮುರೀತಾರ್ರಿ' ಎಂದೆ. ಎಲ್ಲರೂ ನಕ್ಕರು. ಅವರು ನಗಲಿಲ್ಲ. 'ಅದನ್ನ ಬದಲು ಮಾಡಾಕ ನಿಮ್ಮನ್ನ ಕರದೀವ್ರಿ' ಎಂದರು.

ಕಲಿತದ್ದನ್ನು ಮಾಡಿ ನೋಡಲು ನನ್ನನ್ನೂ ಶಫೀಕನನ್ನೂ ಹರ್ತಿಗೆ ಕಳಿಸಿದರು, ನಾರಾಯಣಪ್ಪ ಎಂಬ ಜಡ್ಡಿನ ಹಿರಿಯರ ಮನೆಗೆ. ಕೇಂದ್ರದ ಜೀಪು ಕೆಟ್ಟು ನಿಂತಿತ್ತು. ನಾವಿಬ್ಬರೂ ಮಹಾ ಬುದ್ಧಿವಂತರು, ಹೆಣ ಸಾಗಿಸುವ ನನ್ನ ಮುಕ್ತಿ ವಾಹನವನ್ನೇ ಹೊಡೆದುಕೊಂಡು ಹೋದೆವು! ಅದು ಬಿಟ್ಟರೆ ನನ್ನ ಹತ್ತಿರ ಬೇರೆ ಯಾವ ಗಾಡಿ ಇದೆ ಹೇಳು. ಊರೊಳಗೆ ಕಾಲಿಡುವುದರೊಳಗೆ ಕಿರಾಣಿ ಅಂಗಡಿಯವನು ಬಾಗಿಲು ಎಳೆದ. ಹೆಂಗಸರು ಬಾಯಿಗೆ ಸೆರಗು ಹಿಡಿದು ಗಾಡಿಯ ಹಿಂದೆ ನಡೆದು ಬಂದರು. ಒಬ್ಬಾಕೆಯಂತೂ 'ಹೋದ್ಯಾ ನಮ್ಮಪ್ಪಾ' ಎಂದು ಹಾಡಿಕೊಂಡು ಅಳಲು ಶುರು ಮಾಡಿದಳು. ನಾರಾಯಣಪ್ಪನವರು ಕಟ್ಟೆಯ ಮೇಲೆ ಕೂತು ಬಸಿಯಲ್ಲಿ ಚಹಾ ಕುಡಿಯುತ್ತಿದ್ದರು! ನಮ್ಮನ್ನು ನೋಡಿ, 'ಲೇ, ಚಾ ಮುಗಸಾಕರ ಬಿಡ್ರಲೇ' ಎಂದರು. ಮುದುಕರು ನಕ್ಕರು, ಮಗ ನಗಲಿಲ್ಲ, ನನ್ನ ಅಂಗಿಯ ಕಾಲರು ಹಿಡಿದು ಗಾಡಿಗೆ ಒತ್ತಿದ. ಶಫೀಕ ಕೈಮುಗಿದು ಬಿಡಿಸಿದ. ಆದರೆ ಕೆಲವು ದಿನಗಳಾದ ಮೇಲೆ ಅದೇ ಮಗ ಫೋನು ಮಾಡಿ, 'ಅಪ್ಪ ನಿಮ್ಮನ್ನ ಕರಿಯಾಕ ಹತ್ಯಾನ್ರಿ, ಗಾಡಿ ಬಿಟ್ಟು ಬರ್ರಿ' ಎಂದ. ಹೋದೆವು. ಮುದುಕರು ತಮ್ಮ ಹೊಲದಲ್ಲಿ, ಹೆಂಡತಿಯ ಮಗ್ಗುಲಿಗೇ ಇಡಬೇಕೆಂದು ಮಕ್ಕಳ ಮುಂದೆ ಹೇಳಿದರು. ಹೋದ ವಾರ ಅವರು ತೀರಿಕೊಂಡರು, ಹಾಗೆಯೇ ಮಾಡಿದೆವು. ಮಕ್ಕಳು ಜಗಳವಾಡಲಿಲ್ಲ, ಯಾರೂ ಯಾರನ್ನೂ ದೂರಲಿಲ್ಲ. ಇಷ್ಟು ವರ್ಷದಲ್ಲಿ ಅಂಥ ಮಣ್ಣು ನಾನು ನೋಡಿರಲಿಲ್ಲ.

ಊರವರನ್ನೆಲ್ಲ ಕೇಳಿ ಬಂದೆ ಅಕ್ಕಾ, ಅವ್ವನನ್ನು ಕೇಳಲು ನನ್ನ ನಾಲಿಗೆ ಏಳಲಿಲ್ಲ. ದಸರೆಯಿಂದ ಆ ಕೇಂದ್ರದಲ್ಲೇ ಇದ್ದಾಳೆ. ಹೊಟ್ಟೆಯ ಗಡ್ಡೆ ಲಿವರಿಗೆ ಹಬ್ಬಿದೆ, ಇನ್ನು ಔಷಧ ನೋವಿಗೆ ಮಾತ್ರ ಎಂದು ನಿನಗೆ ಮೆಸೇಜು ಹಾಕಿದ ದಿನ ನೀನೇನು ಉತ್ತರ ಬರೆದೆ? 'ಏನಾರ ಆದ್ರ ತಿಳಸು, ಬರ್ತೀನಿ.' ಏನಾದರೂ ಆದರೆ! ಇನ್ನೇನು ಆಗಬೇಕು? ಊಟ ಬಿಟ್ಟಿದ್ದು ಆಗಿದ್ದಲ್ಲವೇ? ರೋಹಿಣಿ ಎತ್ತಿ ಕೂಡಿಸದಿದ್ದರೆ ಏಳಲಾರದ್ದು ಆಗಿದ್ದಲ್ಲವೇ? ನೀವೆಲ್ಲ ಒಂದೇ. 'ಏನಾರ ಆದ್ರ' ಅನ್ನುವುದು ಅಂದರೆ ಸತ್ತರೆ ಎಂದು ಅರ್ಥ. ಅಷ್ಟು ಬರೆಯಲು ಕೈ ಬರುವುದಿಲ್ಲ, ಬಸ್ಸು ಹತ್ತಲು ಕಾಲೂ ಬರುವುದಿಲ್ಲ. ಲಕ್ಷ್ಮೇಶ್ವರ ಏನು ಸಮುದ್ರದ ಆಚೆ ಇದೆಯೇ?

ಕಡೆಗೆ ಶಫೀಕನೇ ಅವ್ವನ ಹಾಸಿಗೆಯ ಹತ್ತಿರ ಸ್ಟೂಲು ಎಳೆದುಕೊಂಡು ಕೂತ. ನಾನು ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದೆ. ಅವನು, 'ಯಮನವ್ವಾ, ನಿಮ್ಮ ಮನಸಿನ್ಯಾಗ ಏನರ ಇದ್ರ ಹೇಳ್ರಿ, ನಾವು ನಡಸ್ತೀವಿ' ಎಂದ. ಅವ್ವ ಕಾಯುತ್ತಿದ್ದವಳ ಹಾಗೆ ಹೇಳಿದಳು: 'ನನ್ನ ಆ ಐಸಿನ ಪೆಟಗ್ಯಾಗ ಹಾಕಬ್ಯಾಡ್ರೀಪಾ. ಯಾರ ಸಲುವಾಗಿನೂ ಕಾಯಬ್ಯಾಡ್ರಿ. ಕಲ್ಪನಾ ಬರೂದಿದ್ರ ನನ್ನ ಕಣ್ಣು ತೆರದಾಗ ಬರ್ಲಿ. ಆಮ್ಯಾಲೆ ಬಂದು ಎದಿ ಬಡಕೊಂಡ್ರ ನನಗ ಕೇಳಸ್ತೈತೇನು?' ನಾನು ಬಾಡಿಗೆಗೆ ಕೊಡುವ ಆ ತಣ್ಣನೆಯ ಪೆಟ್ಟಿಗೆಯನ್ನು ಅವ್ವ ನಮ್ಮ ಅಂಗಳದಲ್ಲಿ ಎಷ್ಟು ಸಲ ಒರೆಸಿದ್ದಾಳೋ. ಹೆಣ ಒಳಗಿರುತ್ತದೆ, ಹುಬ್ಬಳ್ಳಿಯಿಂದ ಪುಣೆಯಿಂದ ಮಕ್ಕಳು ಬರುತ್ತಾರೆ, ಗಾಜಿನ ಮೇಲೆ ಬಿದ್ದು ಅಳುತ್ತಾರೆ, ಕಣ್ಣು ಒರೆಸಿಕೊಂಡು ಹೋಗುವ ಬಸ್ಸು ವಿಚಾರಿಸುತ್ತಾರೆ. ನಾನು ಹೇಳುವ ಈ ಕಥೆಗಳನ್ನೆಲ್ಲ ಅವ್ವ ರೊಟ್ಟಿ ಬಡಿಯುತ್ತ ಕೇಳಿದ್ದಾಳೆ. ತನ್ನ ಮಗಳೂ ಹಾಗೇ ಬರುತ್ತಾಳೆಂದು ಗೊತ್ತಾಗಿ ಹೇಳಿದ ಮಾತು ಅದು. ನಾನು ಅವಳ ಕೈ ಹಿಡಿದು 'ಆತು ಯವ್ವಾ' ಎಂದೆ.

ಕೊಟ್ಟ ಮಾತು ನಡೆಸುತ್ತೇನೆ. ನನ್ನ ಮೇಲೆ ಸಿಟ್ಟಿದ್ದರೆ ಇರಲಿ, ನಾನು ಕೇಂದ್ರದ ಹೊರಗೆ ಬೇವಿನ ಗಿಡದ ಕೆಳಗೆ ನಿಲ್ಲುತ್ತೇನೆ, ನೀನು ಒಳಗೆ ಹೋಗು. ನನ್ನ ಮುಖ ಸಹ ನೋಡಬೇಡ. ಆದರೆ ಅವಳಿಗೆ ನಿನ್ನ ಮುಖ ತೋರಿಸು.

ಮಾಮಾನಿಗೆ ನಮಸ್ಕಾರ ಹೇಳು, ಮಕ್ಕಳ ತಲೆ ನೇವರಿಸು. ನಿನ್ನ ಅತ್ತೆಯವರಿಗೆ ಇಲ್ಲಿಂದಲೇ, ದೂರದಿಂದಲೇ ಶರಣು.

ನಿನ್ನ ತಮ್ಮ,
ಕೊಟ್ರೇಶ

ತಾ.ಕ.: ಲಕೋಟೆ ಅಂಟಿಸುತ್ತಿದ್ದೆ, ರೋಹಿಣಿಯ ಫೋನು ಬಂತು. ಬೆಳಗಿನಿಂದ ಅವ್ವ ನೀರೂ ನುಂಗಿಲ್ಲ, ಇನ್ನು ತಡ ಮಾಡಬೇಡಿ ಎಂದು ಅಮೀರಾ ಸಿಸ್ಟರ್ ಹೇಳಿದ್ದಾರಂತೆ. ಅಂಚೆಗೆ ಹಾಕಿದರೆ ಆಗುವುದಿಲ್ಲ. ಈ ಕಾಗದ ಹಿಡಿದು ನಿನ್ನ ಬಾಗಿಲಿನಲ್ಲಿ ನಿಂತಿರುವವನೇ ಶಫೀಕ. ಅವನನ್ನು ನೋಡಿ ಅಳಬೇಡ, ಅವ್ವ ಇದ್ದಾಳೆ, ನಿನ್ನ ಹೆಸರು ಹಿಡಿದೇ ಕರೆಯುತ್ತಿದ್ದಾಳೆ. ಯಾರವನು ಎಂದು ನಿನ್ನ ಅತ್ತೆ ಕೇಳಿದರೆ ಗೋರಿ ತೋಡುವವನು ಎಂದೇ ಹೇಳು, ಹೆದರಿಯಾದರೂ ದಾರಿ ಬಿಡುತ್ತಾರೆ. ಸೀರೆ ಬದಲಿಸಲೂ ನಿಲ್ಲದೆ ಜಲ್ದಿ ಅವನ ಬೈಕು ಹತ್ತು. ಅವನು ಒಬ್ಬನೇ ತಿರುಗಿ ಬಂದರೆ, ನಿನಗೆ ಖಬರು ಮುಟ್ಟಿಸಲು ಇನ್ನು ಯಾರನ್ನೂ ಕಳಿಸುವುದಿಲ್ಲ.