ಅತಿಥಿಗಳಿಗೆಂದು ಇಟ್ಟ ಟವೆಲ್‌ಗಳು

ಇಲೋಯ್ಲೊ
9 ಆಗಸ್ಟ್ 2021

ಪ್ರೀತಿಯ ಇಸ್ಕೊ ಅಣ್ಣಾ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ಕೋವಿಡ್‌ನಿಂದಾಗಿ ನಿಮ್ಮ ಹಡಗಿನವರನ್ನು ಇಳಿಯಲು ಯಾವ ಬಂದರೂ ಬಿಡುತ್ತಿಲ್ಲವೆಂದು ಅಮ್ಮ ದಿನಕ್ಕೆರಡು ಬಾರಿ ಭೂಪಟಕ್ಕೆ ಬೈಯುತ್ತಾಳೆ. ಜೋವೆಲಿನ್ ಅತ್ತಿಗೆಯ ಫೋನ್ ಮೀನುಸಾರಿನ ಪಾತ್ರೆಗೆ ಬಿದ್ದಿದೆ, ಅದಕ್ಕೇ ಹತ್ತು ದಿನದಿಂದ ಕರೆಯಿಲ್ಲ. ಹೆಚ್ಚು ಪ್ರಶ್ನೆ ಕೇಳಬೇಡ.

ಈಗ ಗಂಭೀರ ವಿಷಯ. ನಿನ್ನ ತಂಗಿಯೂ ಸರ್ಕಾರಿ ನರ್ಸೂ ಆದ ನಾನು, ಸ್ವಸ್ಥ ಮನಸ್ಸಿನಿಂದ, ಯಾರ ಬಲವಂತವೂ ಇಲ್ಲದೆ, ಒಂದು ಕಳ್ಳತನವನ್ನು ಒಪ್ಪಿಕೊಳ್ಳುತ್ತೇನೆ. ನೀನು ಪ್ರತಿ ಕ್ರಿಸ್‌ಮಸ್‌ಗೆ ಕಳಿಸುವ ಪೆಟ್ಟಿಗೆಗಳಲ್ಲಿ ಬಂದ ದಪ್ಪ ಟವೆಲ್‌ಗಳು ನೆನಪಿವೆಯಲ್ಲ? "ಮುಟ್ಟೀಯಾ ಜೋಕೆ, ಅವು ಅತಿಥಿಗಳಿಗೆ" ಎಂದು ಅಮ್ಮ ಕಪಾಟಿನಲ್ಲಿ ಬೀಗ ಹಾಕಿಟ್ಟಿದ್ದಳಲ್ಲ, ಅವೇ. ಏಳು ವರ್ಷದಲ್ಲಿ ಒಬ್ಬ ಅತಿಥಿಗೂ ಅವುಗಳನ್ನು ಬಳಸುವ ಯೋಗ್ಯತೆ ಬರಲಿಲ್ಲ. ಪಾದ್ರಿಗಳಿಗೂ ಹಳೆಯದೇ ಸಿಕ್ಕಿತು.

ಕದ್ದದ್ದೇಕೆಂದು ಕೇಳು: ನಮ್ಮ ಆಸ್ಪತ್ರೆಯ ಐಸಿಯುವಿನಲ್ಲಿ ಹೆರಿಗೆಯ ವೈದ್ಯರಿಲ್ಲ, ಹೆರಿಗೆ ವಾರ್ಡಿನಲ್ಲಿ ಉಸಿರಾಟದ ಯಂತ್ರವಿಲ್ಲ. ಕೋವಿಡ್ ಬಂದ ಗರ್ಭಿಣಿಯರು ಎರಡರ ನಡುವಿನ ಪಡಸಾಲೆಯಲ್ಲಿ ಏದುಸಿರು ಬಿಡುತ್ತಿದ್ದರು. ಹೆಡ್ ನರ್ಸ್ ತೆರಿಂಗ್ ಅಕ್ಕ ಮುಚ್ಚಿದ್ದ ಹಲ್ಲಿನ ವಿಭಾಗದ ಬೀಗ ಒಡೆಸಿ ನಾಲ್ಕು ಹಾಸಿಗೆ ಹಾಕಿಸಿದಳು. ಆಸ್ಪತ್ರೆಯ ನಿರ್ದೇಶಕರು ಓಡಿ ಬಂದರು. "ಬಸುರಿಯರಿಗೇ ಬೇರೆ ಐಸಿಯು ಅಂತ ಯಾವ ಆದೇಶದಲ್ಲಿದೆ ರೀ?" ತೆರಿಂಗ್ ಅಕ್ಕನ ಉತ್ತರ: "ಹುಡುಕ್ತಾ ಇರಿ ಸಾರ್. ಅಲ್ಲೀತನಕ ಈ ಸಿಲಿಂಡರ್ ಒಂಚೂರು ಹಿಡ್ಕೊಳ್ಳಿ." ಹಿಡಿದುಕೊಂಡರು, ಪಾಪ!

ಆದರೆ ಶ್ವಾಸಕೋಶ ಬಿಚ್ಚಿಕೊಳ್ಳಲು ರೋಗಿ ಬೋರಲು ಮಲಗಬೇಕು. ಏಳು ತಿಂಗಳ ಹೊಟ್ಟೆ ಹೊತ್ತು ಮಲಗುವುದು ಹೇಗೆ? ನಮ್ಮ ಮೊದಲ ರೋಗಿಯ ಆಮ್ಲಜನಕದ ಮಟ್ಟ ಶೇಕಡಾ ಎಂಬತ್ತೆರಡಕ್ಕೆ ಇಳಿದಿತ್ತು. ಆಸ್ಪತ್ರೆಯ ದಿಂಬುಗಳೋ ಒಣಮೀನಿನಂತೆ ಚಪ್ಪಟೆ. ನಾನು ಮನೆಗೆ ಓಡಿದೆ. ಕಪಾಟು ತೆರೆದದ್ದು ಹೇಗೆಂದು ಅಮ್ಮನಿಗೆ ಹೇಳಲಾರೆ. ಹದಿನಾಲ್ಕು ಟವೆಲ್ ಸುರುಳಿ ಸುತ್ತಿ ಎದೆಯಡಿ, ಸೊಂಟದಡಿ ಇಟ್ಟು, ನಡುವೆ ಹೊಟ್ಟೆಗೆ ಗುಳಿ ಬಿಟ್ಟು, ಐದು ಜನ ಸೇರಿ ಅವಳನ್ನು ಮಗುಚಿದೆವು. ಎಂಬತ್ತೆಂಟು. ತೊಂಬತ್ತು. ತೊಂಬತ್ತನಾಲ್ಕು.

ಕ್ಷಮೆ ಕೇಳುವುದಿಲ್ಲ. ಟವೆಲ್ ಹಿಂತಿರುಗಿಸುವುದೂ ಇಲ್ಲ. ಆದೇಶ ಬರಲಿ ಬಿಡಲಿ, ಆ ಕೋಣೆಯ ಬಾಗಿಲು ಇನ್ನು ಮುಚ್ಚುವುದಿಲ್ಲ. ಮುಚ್ಚಲು ಬೀಗವೇ ಇಲ್ಲ.

ಸಮುದ್ರ ನಿನ್ನ ಮೇಲೆ ದಯೆಯಿಡಲಿ, ಹಡಗಿನ ಅಡುಗೆಯವನು ಅದಕ್ಕಿಂತ ಹೆಚ್ಚು.

ನಿನ್ನ ಕಳ್ಳ ತಂಗಿ,
ಡೊನಿಟಾ

ತಾ.ಕ.: ಫೋನ್ ಸಾರಿಗೆ ಬಿದ್ದಿಲ್ಲ. ಆ ಮೊದಲ ರೋಗಿ ಜೋವೆಲಿನ್ ಅತ್ತಿಗೆ. ತಿಳಿದರೆ ನೀನು ಸಮುದ್ರಕ್ಕೆ ಹಾರುತ್ತೀಯೆಂದು ನಿನಗೆ ಹೇಳದಂತೆ ನನ್ನಿಂದ ಆಣೆ ಮಾಡಿಸಿಕೊಂಡಿದ್ದಳು. ನಿನ್ನೆ ಆಕ್ಸಿಜನ್ ತೆಗೆದರು. ಮಗು ಒಳಗಿಂದ ಚೆನ್ನಾಗಿ ಒದೆಯುತ್ತಿದೆ. ಮಾಸ್ಕ್ ಬಿಚ್ಚಿದೊಡನೆ ಅವಳಾಡಿದ ಮೊದಲ ಮಾತು: "ಅತ್ತೆಗೆ ಹೇಳ್ಬೇಡ ಕಣೇ, ಅತಿಥಿ ಟವೆಲ್ ಮೇಲೆ ಗಂಜಿ ಚೆಲ್ಲಿಬಿಟ್ಟಿದೀನಿ."