ಅಡುಗೆಮನೆಯ ಇನ್ವರ್ಟರ್ ಪ್ಲಗ್

ನವೆಂಬರ್ 11, ಸಂಜೆ, ಬಸ್ಸಿನಲ್ಲಿ

ಮತ್ತೆ ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ, ವಿನೋದ್ ಭುಜಕ್ಕೆ ತಲೆಯಿಟ್ಟು. ಮದುವೆಯಾಗಿ ಎರಡು ವಾರ. ಇವನು ನನ್ನವನು ಅಂತ ಇನ್ನೂ ನಂಬಲಾಗುತ್ತಿಲ್ಲ. ಲ್ಯಾಬಿನಲ್ಲಿ ಇವತ್ತು ನಾನು ಸೂಪರ್ ಹಿಟ್. ವಿನೋದ್‌ನ ಅಣ್ಣ ಮಹಾಂತೇಶ್ ಬಾವನ ರಕ್ತಪರೀಕ್ಷೆ ಲ್ಯಾಬಿನ ರಿಪೋರ್ಟುಗಳೆಲ್ಲ ಇರುವುದು ಒಂದೇ ಮುದಿ ಕಂಪ್ಯೂಟರಿನಲ್ಲಿ. ಅದು ಸತ್ತರೆ ಲ್ಯಾಬೇ ಸತ್ತಂತೆ. ಬ್ಯಾಕಪ್‌ಗೆ ಕಂಪನಿಯವರು ಹೇಳಿದ ರೇಟ್ ಕೇಳಿ ಬಾವ ಬೆಚ್ಚಿದ್ದರು. ನಾನು ವಿನೋದ್‌ನ ಕಾಲೇಜು ಲ್ಯಾಪ್‌ಟಾಪನ್ನೇ ಸ್ಟ್ಯಾಂಡ್‌ಬೈ ಮಾಡಿಕೊಟ್ಟೆ. ಇಡುವುದು ಮೊಳಕಾಲ್ಮೂರಿನ ಮನೆಯಲ್ಲಿ. ಪ್ರತಿ ರಿಪೋರ್ಟೂ ಆ ಕ್ಷಣವೇ ಅಲ್ಲಿಗೂ ಹೋಗುತ್ತದೆ. ಚಳ್ಳಕೆರೆಯದು ಸುಮ್ಮನಾದರೆ ಇದು ತಾನೇ ಕೆಲಸ ಹಿಡಿಯುತ್ತದೆ. ಲ್ಯಾಪ್‌ಟಾಪಿನ ಬ್ಯಾಟರಿ ಸತ್ತಿದೆ, ಕರೆಂಟ್ ಹೋದರೂ ಓಡಲು ಇನ್ವರ್ಟರ್ ಪ್ಲಗ್ ಬೇಕೇ ಬೇಕು. ಮನೆಯಲ್ಲಿ ಇರುವುದು ಒಂದೇ—ಅಡುಗೆಮನೆಯಲ್ಲಿ.

ನವೆಂಬರ್ 14

ಶ್ರೀವಾಣಿ ಅಕ್ಕ—ಬಾವನ ಹೆಂಡತಿ, ನನ್ನ ಓರಗಿತ್ತಿ—ಲ್ಯಾಪ್‌ಟಾಪಿನ ಪ್ಲಗ್ ಕಿತ್ತು ಮಿಕ್ಸಿ ಹಾಕಿದ್ದಾರೆ. ಕೇಳಿದರೆ, "ನಿನ್ನ ಡಬ್ಬ ಚಟ್ನಿ ರುಬ್ತೈತೇನಮ್ಮಾ? ರುಬ್ಬೋದಾದ್ರೆ ಇರ್ಲಿ ಬಿಡು."

ಮನೆಯ ಮಗ್ಗದ ಕೆಲಸಕ್ಕೆ ಬರುವ ಹೆಂಗಸರೆಲ್ಲ ಇದ್ದರು. ಬಿದ್ದು ಬಿದ್ದು ನಕ್ಕರು. ಬೀಗರೂಟದ ದಿನವೂ ಹೀಗೆಯೇ: "ಇಂಗ್ಲಿಷ್ ಮೀಡಿಯಂ ಹುಡುಗಿ. ಜೀರಿಗೆ ಯಾವ್ದು, ಸೋಂಪು ಯಾವ್ದು ಅಂತ ಲೇಬಲ್ ಹಚ್ರಿ."

ಮರೆತಿಲ್ಲ. ಒಂದನ್ನೂ ಮರೆಯುವುದಿಲ್ಲ. ವಿನೋದ್‌ಗೆ ಹೇಳಿದರೆ "ಬಿಡೇ, ತಮಾಷೆಗೆ ಅಂದಿದ್ದು" ಅಂತಾನೆ... ಮುದ್ದು ಪೆದ್ದ.

ನವೆಂಬರ್ 19

ನಾಳೆ ಡೆಮೊ. ಬಾವನ ಎದುರೇ ಚಳ್ಳಕೆರೆಯ ಕಂಪ್ಯೂಟರ್ ಆಫ್ ಮಾಡುತ್ತೇನೆ, ಸ್ಟ್ಯಾಂಡ್‌ಬೈ ಎದ್ದು ನಿಲ್ಲಬೇಕು. ನಿಲ್ಲುವುದಿಲ್ಲ. ಬಾವ ಹೇಳಿದ ಮೇಲೆ ಅಲ್ಲಿ ಮತ್ತೆ ಲ್ಯಾಪ್‌ಟಾಪೇ ಇದೆ; ಬೆಳಿಗ್ಗೆ ಹೊರಡುವ ಮುಂಚೆ ನಾನೇ ಅದರ ಪ್ಲಗ್ ಕಿತ್ತು ಮಿಕ್ಸಿ ಸಿಕ್ಕಿಸುತ್ತೇನೆ. ಬೈಗುಳ ಯಾರಿಗೆ? ಆಹಾ... ಆಮೇಲೆ ಚಳ್ಳಕೆರೆಯದನ್ನು ಆನ್ ಮಾಡಿದರಾಯಿತು, ಯಾರಿಗೂ ನಷ್ಟವಿಲ್ಲ.

ಖುಷಿಗೆ ಇನ್ನೊಂದು ಮುದ್ದೆ ಉಂಡೆ. ಅತ್ತೆ ಬಡಿಸಿದರು—ನಿನ್ನೆಯಿಂದ ಅವರೇ. ಅಕ್ಕ ಪಡಸಾಲೆಯಲ್ಲಿ ಮೊಬೈಲ್ ಹಿಡಿದು ಮಹಾರಾಣಿಯಂತೆ ಕುಳಿತಿದ್ದಾರೆ. ಕೂರಲಿ, ನಾಳೆಯವರೆಗೆ.

ನವೆಂಬರ್ 20

ಆಫ್ ಮಾಡಿದೆ. ಸ್ಟ್ಯಾಂಡ್‌ಬೈ ಏಳಲಿಲ್ಲ. ಸರಿ. ಆನ್ ಮಾಡಿದೆ... ಮುದಿ ಕಂಪ್ಯೂಟರೂ ಏಳಲಿಲ್ಲ.

ಕೌಂಟರಿನ ಮುಂದೆ ನನ್ನಿವಾಳ ಹಳ್ಳಿಯ ಒಬ್ಬ ತಾಯಿ, ಸೊಂಟದ ಮೇಲೆ ಜ್ವರದ ಮಗು. ನಿನ್ನೆಯ ಪ್ಲೇಟ್‌ಲೆಟ್ ರಿಪೋರ್ಟ್ ನೋಡದೆ ಡಾಕ್ಟರ್ ಏನೂ ಹೇಳುವಂತಿಲ್ಲ. ಬಾವ ಮನೆಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದರು. ಅತ್ತೆ ಅಡುಗೆಮನೆಗೆ ಹೋಗಿ ನೋಡಿ, "ಇಲ್ಲಿ ಮಿಕ್ಸಿ ಸಿಗ್ಸೈತಲ್ಲೋ" ಅಂದರು.

ಬಾವ ಸಿಡಿದರು. "ಕೊಡು ಅವಳ ಕೈಗೆ ಫೋನು. ಅದನ್ನ ಮುಟ್ಬ್ಯಾಡ ಅಂತ ಮೊನ್ನೇನೇ ಹೇಳಿದ್ನಲ್ಲ."

ಜೇನು ಕುಡಿದಂತಾಯಿತು. ಒಂದೇ ಒಂದು ಗುಟುಕು—

"ಏಮಿರಾ, ಏನೋ ಇದು, ಯಾರ ಮೇಲೆ ಕೂಗ್ತೀಯ?" ಅತ್ತೆ ತಿರುಗಿಬಿದ್ದರು. " ಅವಳು ಮಂಗಳವಾರದಿಂದ ಹೊರಗಾಗ್ಯಾಳೆ. ಅಡುಗೆಮನೆ ಹೊಸ್ತಿಲೇ ತುಳಿದಿಲ್ಲ. ನಾನೂ ಹಚ್ಚಿಲ್ಲ. ಮತ್ಯಾರು?"

ಹೊರಗಾಗುವುದು. ಮುಟ್ಟಾದರೆ ಮೂರು ದಿನ ಅಡುಗೆಮನೆಗೆ ಬರುವಂತಿಲ್ಲ. ನಮ್ಮಮ್ಮನ ಮನೆಯಲ್ಲಿ ಈ ಪದ್ಧತಿಯೇ ಇಲ್ಲ; ಇಲ್ಲಿ ನನ್ನ ಸರದಿ ಇನ್ನೂ ಬಂದಿಲ್ಲ. ಹೊಳೆಯಲೇ ಇಲ್ಲ.

ಬಾವ ನನ್ನತ್ತ ತಿರುಗಿದರು. ವಿನೋದ್ ಕೂಡ. "ಯಾರಾದರೂ ಮರೆತು..." ಅಂತ ಏನೋ ಗೊಣಗಿದೆ. ಅತ್ತೆ ಪ್ಲಗ್ ಹಾಕಿದರು, ಸ್ಟ್ಯಾಂಡ್‌ಬೈ ಎದ್ದಿತು, ರಿಪೋರ್ಟ್ ಸಿಕ್ಕಿತು. ಮಗುವನ್ನು ಚಿತ್ರದುರ್ಗಕ್ಕೆ ಕರೆದೊಯ್ದರು. ತಡವಾಗಿ.

ನವೆಂಬರ್ 21

ಮಗು ಪರವಾಗಿಲ್ಲವಂತೆ. ಅಬ್ಬಾ.

ಅಕ್ಕ ತಲೆಗೆ ನೀರು ಹಾಕಿಕೊಂಡು ಒಳಗೆ ಬಂದರು. ನಾವಿಬ್ಬರೇ ಇದ್ದಾಗ, ಒದ್ದೆ ಕೂದಲು ಕೊಡವುತ್ತ, ಮೆಲ್ಲಗೆ: "ಪಡಸಾಲೆಯಿಂದ ಅಡುಗೆಮನೆ ಬಾಗ್ಲು ಚೆನ್ನಾಗಿ ಕಾಣ್ತೈತಮ್ಮಾ. ಯಾರಿಗೂ ಹೇಳಿಲ್ಲ. ಹೇಳ್ತೀನಿ. ಯಾವತ್ತು ಅಂತ ಕಾಯ್ತಾ ಇರು."

ಇವರೂ ಏನನ್ನೂ ಮರೆಯುವವರಲ್ಲ.

ವಿನೋದ್ ನಿನ್ನೆಯಿಂದ ಸರಿಯಾಗಿ ಮಾತಾಡಿಲ್ಲ. ಊಟಕ್ಕೆ ಕುಳಿತಲ್ಲಿ ಅತ್ತೆ ಮತ್ತೆ ಅದೇ ಎತ್ತಿದ್ದಾರೆ—ಯಾರು, ಯಾರು. ರೂಮಿಗೆ ಕೇಳಿಸುತ್ತಿದೆ. ಅಕ್ಕ ಕರೆಯುತ್ತಿದ್ದಾರೆ: "ಬಾರಮ್ಮಾ, ನೀನು ಬರದೆ ಹೆಂಗೆ ಹೇಳ್ಲಿ?"

ವಿನೋದ್ ಬಾಗಿಲಿಗೆ ಬಂದಿದ್ದಾನೆ. ಅಕ್ಕ ಏನು ಹೇಳ್ತಾರಂತೆ ಅಂತ ಕೇಳುತ್ತಿದ್ದಾನೆ. ಏನು ಹೇಳ—