ಅಜ್ಜಿಯ ಎಡಹೆಗಲು

ಭಾನುವಾರ, ಮಾರ್ಚ್ 9

ಊರವರ ಬಾಯಿಗೆಲ್ಲ ಹಲ್ಲಿನ ಸೆಟ್ಟು ಮಾಡಿಕೊಡುವ ನನ್ನ ತಮ್ಮನಿಗೆ ಅಕ್ಕನ ಆಶೀರ್ವಾದಗಳು.

ನಾನು ಚೆನ್ನಾಗಿದ್ದೇನೆ. ನೀನೂ ನಿನ್ನ ಹೆಂಡತಿಯೂ ಆರಾಮವಾಗಿದ್ದೀರಿ ಎಂದುಕೊಂಡಿದ್ದೇನೆ. ನಿನ್ನ ಪತ್ರ ಬಂದು ಐದು ವಾರವಾಯಿತು. "ಇಷ್ಟು ವರ್ಷ ಬರೆದ ಚಿತ್ರಗಳು ಒಂದು ಪೆಟ್ಟಿಗೆ ತುಂಬ ಇವೆ. ನಿಮ್ಮ ಆಫೀಸಿನಲ್ಲಿ ನನಗೂ ಕೆಲಸ ಸಿಗಬಹುದಾ? ಕಳಿಸಿದರೆ ನೋಡಿ ತಿದ್ದುತ್ತೀಯಾ ಅಕ್ಕ?" ಎಂದು ಕೇಳಿದ್ದೆ. ಪುರುಸೊತ್ತಿರಲಿಲ್ಲ ಎಂದು ಬರೆದರೆ ನೀನು ನಂಬುವವನಲ್ಲ. ಏನು ಉತ್ತರ ಕೊಡಬೇಕೆಂದು ತಿಳಿಯದೆ ಸುಮ್ಮನಿದ್ದೆ, ಬೈದುಕೋ. ಈಗ ತಿಳಿದಿದೆ. ಅದಕ್ಕೆ ಮೊದಲು ಇಲ್ಲಿ ನಡೆದದ್ದನ್ನು ಹೇಳಿಬಿಡುತ್ತೇನೆ.

ನಾವು ವಿಡಿಯೋ ಗೇಮ್ ಮಾಡುವವರು ಎಂದು ಗೊತ್ತಲ್ಲ. ಗುರುವಾರ ಮಧ್ಯಾಹ್ನ ಕಲಾವಿದರೆಲ್ಲ ತಮ್ಮ ಅರ್ಧಂಬರ್ಧ ಕೆಲಸವನ್ನೇ ದೊಡ್ಡ ಪರದೆಗೆ ಹಾಕಬೇಕು, ಉಳಿದವರು ನೋಡಿ ಅನಿಸಿದ್ದು ಹೇಳಬೇಕು. ನಾನು ಬರೀ ಹೇಳಿ ಸುಮ್ಮನಾಗುವವಳಲ್ಲ, ಅವರ ಚಿತ್ರದ ಮೇಲೆಯೇ ಕೆಂಪು ಗೆರೆ ಎಳೆದು ತಿದ್ದಿ ತೋರಿಸುತ್ತೇನೆ. ಬೆನ್ನ ಹಿಂದೆ ನನ್ನನ್ನು 'ಕೆಂಪಕ್ಕ' ಎನ್ನುತ್ತಾರೆ. ಹುಟ್ಟುಗುಣ ಸುಟ್ಟರೂ ಹೋಗದು ಎಂದು ನೀನೀಗ ನಗುತ್ತಿರಬೇಕು.

ಮೂರು ವಾರದ ಹಿಂದೆ ಹೊಸ ಹುಡುಗಿಯ ಸರದಿ. ದಪ್ಪ ಕನ್ನಡಕ, ಮೆಲು ಮಾತು. ನಮ್ಮ ಆಟದಲ್ಲಿ ಬೀದಿಬಾಗಿಲು ತೆಗೆಯುವ ಮುದುಕಿಯೊಬ್ಬಳಿದ್ದಾಳೆ, ಅವಳನ್ನು ಬರೆದಿದ್ದಳು. ಎಡಹೆಗಲು ನಾಲ್ಕು ಬೆರಳು ಕೆಳಗಿತ್ತು. ನಾನು ಎದ್ದು ಹೋಗಿ ಎರಡೇ ನಿಮಿಷದಲ್ಲಿ ಹೆಗಲೆರಡನ್ನೂ ಸಮ ಮಾಡಿ, "ನೋಡು, ಈಗ ಸರಿಹೋಯ್ತು" ಎಂದೆ.

ಹುಡುಗಿ ಕನ್ನಡಕ ತೆಗೆದು ಒರೆಸಿಕೊಂಡಳು. "ಮೇಡಂ, ಅದು ನಮ್ಮಜ್ಜಿ. ನಲವತ್ತು ವರ್ಷ ಆ ಹೆಗಲ ಮೇಲೆ ಹೊಲಿಗೆ ಮಿಷನ್ ಹೊತ್ಕೊಂಡು ಮನೆಮನೆಗೆ ಹೋಗಿ ಬಟ್ಟೆ ಹೊಲಿದಿದ್ದಾರೆ. ಈಗ ನೀವು ಬರೆದಿರೋರು ಯಾರು ಅಂತ ನಂಗೆ ಗೊತ್ತಿಲ್ಲ" ಎಂದಳು.

ನಮ್ಮಲ್ಲಿ ಪಾತ್ರಗಳಿಗೆ ನಡಿಗೆ ಕೊಡುವ ದಡಿಯನೊಬ್ಬನಿದ್ದಾನೆ, ತಿಂಗಳಿಂದ ಆ ಮುದುಕಿಯನ್ನು ನಡೆಸಲಾಗದೆ ಒದ್ದಾಡುತ್ತಿದ್ದ. ಅವನು ಎದ್ದು, ಎಡಹೆಗಲು ಇಳಿಸಿಕೊಂಡು ಮೇಜುಗಳ ನಡುವೆ ನಡೆದ. "ಅಜ್ಜಿ ಸಿಕ್ಬಿಟ್ರು ಕಣ್ರೀ" ಎಂದ. "ಇನ್ನೂ ನಿಧಾನ, ಮಿಷನ್ ಭಾರ ಇದೆ" ಎನ್ನುತ್ತಾ ಹುಡುಗಿ ಅವನ ಹಿಂದೆ ಹೊರಟಳು, ಅವಳ ಹಿಂದೆ ಉಳಿದವರು, ಕೊನೆಗೆ ನಾನೂ. ಪಕ್ಕದ ಕೋಣೆಯವರು ಬಾಗಿಲಿಗೆ ಬಂದು ಹೊಟ್ಟೆ ಹಿಡಿದುಕೊಂಡು ನಕ್ಕರು. ನನ್ನ ಕೆಂಪು ಗೆರೆಗಳನ್ನು ನಾನೇ ಅಳಿಸಿದೆ. ಸೋತು ಅಷ್ಟು ಖುಷಿಪಟ್ಟದ್ದು ನನಗೆ ನೆನಪಿಲ್ಲ.

ಈಗ ಪದ್ಧತಿ ಬದಲಾಗಿದೆ. ಚಿತ್ರ ಬರೆದವರು ತಮಗೇನು ಬೇಕೆಂದು ಮೊದಲು ಹೇಳುತ್ತಾರೆ, ನಾನು ಕೈಕಟ್ಟಿ ಕೂತು ಕೇಳುತ್ತೇನೆ. ಮೊನ್ನೆ, ಹನ್ನೊಂದು ವರ್ಷದಲ್ಲಿ ಮೊದಲ ಸಲ, ನನ್ನದೇ ಅರೆಬರೆ ಚಿತ್ರವನ್ನೂ ಪರದೆಗೆ ಹಾಕಿದೆ. ಆ ಮುದುಕಿಯ ಮನೆಯ ಮೆಟ್ಟಿಲು. "ಮೇಡಂ, ಇದನ್ನ ಹತ್ತೋಕೆ ಅಜ್ಜಿಗೆ ಏಣಿ ಬೇಕು" ಎಂದ ದಡಿಯ. ನಿಜವೇ. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನೇ.

ಆದ್ದರಿಂದ ಪೆಟ್ಟಿಗೆ ಕಳಿಸು. ಕೆಲಸದ ಮಾತು ನನ್ನೊಬ್ಬಳ ಕೈಯಲ್ಲಿಲ್ಲ, ಗುರುವಾರ ಎಲ್ಲರೂ ಕೂತು ನೋಡುತ್ತಾರೆ. ನಾನೂ ನೋಡುತ್ತೇನೆ, ತಿದ್ದುವುದಿಲ್ಲ. ಒಂದೊಂದರ ಹಿಂದೆಯೂ ಅದು ಯಾರೆಂದು ಬರೆದಿಡು. ನಿನ್ನ ಕೈಗೆ ಒಳ್ಳೆಯದಾಗಲಿ, ನಿಮ್ಮಿಬ್ಬರ ಮನೆ ತುಂಬ ನಗುವಿರಲಿ.

ನಿನ್ನ ಅಕ್ಕ

ತಾ.ಕ.: ಲಕ್ವ ಹೊಡೆದು ಅಮ್ಮನ ಬಾಯಿ ಸೊಟ್ಟಗಾದಾಗ ನಿನಗೆ ಹನ್ನೆರಡು. ಹಾಸಿಗೆಯ ಪಕ್ಕ ಕೂತು, ಅವಳು ನಗುತ್ತಿದ್ದುದನ್ನು ಬರೆದು ನನಗೆ ತೋರಿಸಲು ತಂದಿದ್ದೆ. ನಾನು ರಬ್ಬರಿನಿಂದ ಉಜ್ಜಿ, ಬಾಯಿ ನೆಟ್ಟಗೆ ಮಾಡಿ, "ಅಮ್ಮ ಇರೋದು ಹೀಗೆ" ಎಂದೆ. "ಚೆನ್ನಾಗಿದೆ ಅಕ್ಕ" ಎಂದು ಹೊರಟುಹೋದವನು ಮೂವತ್ತು ವರ್ಷ ನನಗೆ ಒಂದು ಚಿತ್ರವನ್ನೂ ತೋರಿಸಲಿಲ್ಲ. ಆ ತಿಂಗಳೇ ಅಮ್ಮ ಹೋದಳು. ಅವಳ ಮುಖ ಕಂಡರೆ ನನಗೆ ಭಯವಾಗುತ್ತಿತ್ತು, ಅದಕ್ಕೇ ಅತ್ತ ನೋಡುತ್ತಲೇ ಇರಲಿಲ್ಲ. ಆ ನಗುವನ್ನು ನೋಡಿದವನು ನೀನೊಬ್ಬನೇ. ನೆನಪಿದ್ದರೆ ಇನ್ನೊಮ್ಮೆ ಬರೆದು ಕಳಿಸು ತಮ್ಮಾ, ನಾನು ನೋಡಬೇಕು.